ಇಡೀ ಕ್ಲಾಸಿಗೆ ಒಂದೇ ಬಹುಮಾನ: ಗೋಲಿ ಡಬ್ಬಿ ನಡೆಸುವುದು ಹೇಗೆ

ಮೊದಲು ನಾನು ಎಡವಿದ್ದನ್ನೇ ಹೇಳಿಬಿಡುತ್ತೇನೆ. ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷ ಕ್ಲಾಸಿಗೆ ಒಂದು ಆಸೆ ಹುಟ್ಟಿಸಿದೆ. ಈ ವಾರ ಒಬ್ಬರೂ ತಪ್ಪದೆ ದಿನಾ ಹೋಂವರ್ಕ್ ತಂದರೆ ಶುಕ್ರವಾರದ ಕೊನೆಯ ಪಿರಿಯಡ್ ಪೂರ್ತಿ ಆಟ. ಸೋಮವಾರ ಎಲ್ಲರದ್ದೂ ಬಂತು, ಮಂಗಳವಾರವೂ ಬಂತು, ಬುಧವಾರದ ಹೊತ್ತಿಗೆ ನಾನು ಒಳಗೊಳಗೇ ಬೀಗುತ್ತಿದ್ದೆ. ಗುರುವಾರ ಒಬ್ಬ ಹುಡುಗ ಬರಿಗೈಯಲ್ಲಿ ಬಂದ. ಇಡೀ ಕ್ಲಾಸು ಒಮ್ಮೆಗೇ ಅವನ ಕಡೆ ತಿರುಗಿತು. ಬಿಡುವಿನಲ್ಲಿ ಅವನನ್ನು ಮೂಲೆಗೆ ಒತ್ತಿ ಬೈದರಂತೆ, ಬ್ಯಾಗ್ ಎಸೆದರಂತೆ. ಶುಕ್ರವಾರ ಅವನು ಶಾಲೆಗೇ ಬರಲಿಲ್ಲ. ಬೈದ ಮಕ್ಕಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ಅವನನ್ನು ಅವರ ಕೈಗೆ ಒಪ್ಪಿಸಿದ್ದೇ ನಾನು ಮಾಡಿದ ನಿಯಮ.

ಆಮೇಲೆ ಗುಂಪು ಬಹುಮಾನದ ಸಹವಾಸವೇ ಬೇಡ ಅಂತ ಎರಡು ವರ್ಷ ಬಿಟ್ಟಿದ್ದೆ. ಮತ್ತೆ ಶುರು ಮಾಡಿದ್ದು ಅದರ ಒಳಗಿನ ಲೆಕ್ಕ ಸ್ವಲ್ಪ ಅರ್ಥವಾದ ಮೇಲೆ. ಬಹುಮಾನ ಏನು ಕೊಡುತ್ತೀರಿ ಅನ್ನುವುದು ಅಷ್ಟು ದೊಡ್ಡ ವಿಷಯವೇ ಅಲ್ಲ. ಲೆಕ್ಕ ಹೇಗೆ ಇಡುತ್ತೀರಿ, ಒಂದು ಮಗುವಿನಿಂದ ಇಡೀ ಲೆಕ್ಕ ಕೆಡುತ್ತದೆಯೋ ಇಲ್ಲವೋ, ಎಲ್ಲ ಇರುವುದು ಅಲ್ಲೇ.

ಮೂರು ಬಗೆ ಇವೆ, ಬೆರೆಸಿಕೊಳ್ಳಬೇಡಿ

ಗುಂಪಿನ ಜೊತೆ ಬಹುಮಾನವನ್ನು ಜೋಡಿಸುವ ಬಗೆಗಳನ್ನು 1975ರಲ್ಲಿ ಲಿಟೋ ಮತ್ತು ಪಮ್ರಾಯ್ ಅನ್ನುವ ಇಬ್ಬರು ಸಂಶೋಧಕರು ಮೂರಾಗಿ ವಿಂಗಡಿಸಿದರು. ಇವತ್ತಿಗೂ ಅದೇ ವಿಂಗಡಣೆ ನಡೆಯುತ್ತಿದೆ. ಒಂದು, ನಿಯಮ ಎಲ್ಲರಿಗೂ ಒಂದೇ ಆದರೂ ಮಾಡಿದವರಿಗೆ ಮಾತ್ರ ಬಹುಮಾನ. ಎರಡು, ಒಬ್ಬ ಅಥವಾ ಕೆಲವರು ಮಾಡಿದ್ದರ ಮೇಲೆ ಇಡೀ ಕ್ಲಾಸಿನ ಬಹುಮಾನ ನಿಂತಿರುತ್ತದೆ. ಮೂರು, ಎಲ್ಲರೂ ಸೇರಿ ಮಾಡಿದ್ದರ ಒಟ್ಟು ಲೆಕ್ಕ ನೋಡಿ ಎಲ್ಲರಿಗೂ ಒಟ್ಟಿಗೆ ಬಹುಮಾನ.

ನಾನು ಕೊಟ್ಟದ್ದು ಮೂರನೆಯದು ಅಂದುಕೊಂಡಿದ್ದೆ. ಆದರೆ "ಒಬ್ಬರೂ ತಪ್ಪದೆ" ಅನ್ನುವ ಎರಡೇ ಮಾತು ಸೇರಿಸಿದ್ದರಿಂದ ಗುರುವಾರದ ಹೊತ್ತಿಗೆ ಅದು ಸದ್ದಿಲ್ಲದೆ ಎರಡನೆಯದಾಗಿತ್ತು. ಕ್ಲಾಸಿನಲ್ಲಿ ತೀರಾ ಕಷ್ಟಪಡುತ್ತಿದ್ದ ಒಂದು ಮಗುವಿನ ಹೆಗಲ ಮೇಲೆ ಮಿಕ್ಕವರೆಲ್ಲರ ಆಟ ಕೂತಿತ್ತು. ನೂರಕ್ಕೆ ನೂರು ಬೇಕು ಅಂತ ಕೇಳಿದಾಗಲೆಲ್ಲ ಆಗುವುದು ಇದೇ.

ಗುಂಪು ಬಹುಮಾನವನ್ನು ಆಟದಂತೆ ಆಡಿಸಿದ ಒಂದು ಹಳೆಯ ಪ್ರಯೋಗ 1969ರದ್ದು. ಅಮೆರಿಕದ ಕಾನ್ಸಸ್ ರಾಜ್ಯದಲ್ಲಿ ಬ್ಯಾರಿಷ್, ಸೌಂಡರ್ಸ್, ವುಲ್ಫ್ ಅನ್ನುವ ಮೂವರು ಒಂದು ನಾಲ್ಕನೇ ತರಗತಿಯನ್ನು ಎರಡು ತಂಡ ಮಾಡಿದರು. ಜಾಗ ಬಿಟ್ಟು ಎದ್ದರೆ, ನಡುವೆ ಬಾಯಿ ಹಾಕಿದರೆ, ಆ ತಂಡದ ಹೆಸರಿನ ಕೆಳಗೆ ಬೋರ್ಡಿನ ಮೇಲೆ ಒಂದು ಗೀಟು. ಯಾರಿಗೆ ಗೀಟು ಕಡಿಮೆಯೋ ಆ ತಂಡ ಗೆದ್ದಂತೆ. ಆದರೆ ಎರಡೂ ತಂಡ ಒಂದು ಮಿತಿಯ ಒಳಗೇ ಇದ್ದರೆ ಎರಡೂ ಗೆದ್ದ ಹಾಗೆ. ನನಗೆ ಬಹಳ ಹಿಡಿಸಿದ ಜಾಗ ಅದು. ಬಹುಮಾನಕ್ಕೆ ದುಡ್ಡೇನೂ ಖರ್ಚಿಲ್ಲ: ಊಟದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು, ದಿನದ ಕೊನೆಗೆ ಸ್ವಲ್ಪ ಬಿಡುವು, ಅಷ್ಟೇ. ಗಲಾಟೆ ಇಳಿಯಿತು. ಆಟ ನಿಲ್ಲಿಸಿ ನೋಡಿದರು, ಗಲಾಟೆ ಮತ್ತೆ ಏರಿತು. ಅಂದರೆ ಇಳಿಸಿದ್ದು ಆಟವೇ ಅಂತ ಖಾತ್ರಿಯಾಯಿತು. ಆ ಕ್ಲಾಸಿನಲ್ಲೂ ತಂಡಕ್ಕೆ ಮತ್ತೆ ಮತ್ತೆ ಗೀಟು ತರುವ ಮಕ್ಕಳಿದ್ದರು. ಅಂಥವರನ್ನು ತಂಡದಿಂದ ಬಿಡಿಸಿ ಅವರ ಲೆಕ್ಕವನ್ನೇ ಬೇರೆ ಮಾಡಿದರು. ಅಷ್ಟು ಹಿಂದೆಯೇ ಯಾರೋ ನನ್ನ ಗುರುವಾರವನ್ನು ಕಂಡು ದಾರಿ ಹುಡುಕಿಟ್ಟಿದ್ದರು, ನಾನು ಓದಿರಲಿಲ್ಲ ಅಷ್ಟೇ.

ಇದೇ ಆಟವನ್ನು 1980ರ ದಶಕದ ನಡುವಿನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲಿ ಆಡಿಸಿ, ಆ ಮಕ್ಕಳು ದೊಡ್ಡವರಾಗುವವರೆಗೂ ಹಿಂಬಾಲಿಸಿ ನೋಡಿದರು. ಚಿಕ್ಕಂದಿನಲ್ಲಿ ತುಂಬಾ ಹೊಡೆದಾಟಕ್ಕಿಳಿಯುತ್ತಿದ್ದ ಹುಡುಗರಲ್ಲೇ ಒಳ್ಳೆಯ ಪರಿಣಾಮ ಜಾಸ್ತಿ ಕಂಡಿತು. ಯಾರಿಂದ ಕ್ಲಾಸು ಹಾಳು ಅಂತ ನಾವು ಗೊಣಗುತ್ತೇವೋ ಅವರಿಗೇ.

ಶುರು ಮಾಡುವ ಮೊದಲು ಮೂರು ದಿನ ಸುಮ್ನೆ ಎಣಿಸಿ

ಒಂದೇ ಒಂದು ವರ್ತನೆ ಆರಿಸಿಕೊಳ್ಳಿ. "ಶಿಸ್ತಾಗಿರಬೇಕು" ಅನ್ನುವುದು ವರ್ತನೆ ಅಲ್ಲ, ಅದನ್ನು ಎಣಿಸಲು ಬರುವುದಿಲ್ಲ. "ಬೆಲ್ ಆದ ಎರಡು ನಿಮಿಷದೊಳಗೆ ಜಾಗದಲ್ಲಿ ಕೂತು ಪುಸ್ತಕ ತೆರೆದಿರಬೇಕು" ಅನ್ನುವುದು ವರ್ತನೆ. "ಮಾತಾಡುವ ಮೊದಲು ಕೈ ಎತ್ತಬೇಕು", ಇದೂ ಆಗುತ್ತದೆ. ಪಕ್ಕದ ಕ್ಲಾಸಿನ ಟೀಚರ್ ಬಂದು ನೋಡಿದರೂ ಆಯಿತು, ಆಗಲಿಲ್ಲ ಅಂತ ನಿಮ್ಮಷ್ಟೇ ಖಚಿತವಾಗಿ ಹೇಳಲು ಆಗಬೇಕು. ಅಲ್ಲಿಯವರೆಗೆ ಗುರಿಯನ್ನು ಬಿಡಿಸಿ ಬಿಡಿಸಿ ಹೇಳಿ.

ಆರಿಸಿದ ಮೇಲೆ ಮಕ್ಕಳಿಗೆ ಏನೂ ಹೇಳದೆ ಮೂರು ದಿನ ಎಣಿಸಿ. ಈಗ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತಿದೆ, ಒಂದು ಪಿರಿಯಡಿನಲ್ಲಿ ಎಷ್ಟು ಸಲ ನಡುವೆ ಬಾಯಿ ಹಾಕುತ್ತಾರೆ. ಇದು ಬೇಸರದ ಕೆಲಸ, ಒಪ್ಪುತ್ತೇನೆ, ಆದರೆ ಬಿಟ್ಟರೆ ಗುರಿಯನ್ನು ಗಾಳಿಯಲ್ಲಿ ಇಟ್ಟ ಹಾಗಾಗುತ್ತದೆ. ಈಗ ಏಳು ನಿಮಿಷ ಆಗುತ್ತಿದ್ದರೆ ಮೊದಲ ವಾರದ ಗುರಿ ಐದೂವರೆ ಇರಲಿ. ಎರಡು ನಿಮಿಷ ಅಂತ ನೇರವಾಗಿ ಹೇಳಿದರೆ ಮೊದಲ ದಿನವೇ ಸೋಲುತ್ತಾರೆ, ಮೂರನೇ ದಿನ ಆಸೆಯನ್ನೇ ಬಿಡುತ್ತಾರೆ. ಅರ್ಧ ಸಲ ನಾವು "ಈ ಮಕ್ಕಳಿಗೆ ಏನು ಮಾಡಿದರೂ ಅಷ್ಟೇ" ಅನ್ನುವುದು ಗುರಿಯನ್ನು ಮೊದಲೇ ಎತ್ತರಕ್ಕೆ ಕಟ್ಟಿದ್ದರಿಂದ.

ಆಮೇಲೆ ಮಾಡಿ ತೋರಿಸಿ. ಬರೀ ಹೇಳಿದರೆ ಸಾಲದು. ನಾಲ್ಕು ಮಕ್ಕಳನ್ನು ಕರೆದು ಮೊದಲು ಬೇಕಂತಲೇ ತಪ್ಪಾಗಿ ಮಾಡಿಸಿ, ಬೆಲ್ ಆದರೂ ಕಿಟಕಿ ಹತ್ತಿರ ನಿಂತು ಹರಟೆ, ಬ್ಯಾಗಿನಲ್ಲಿ ಪೆನ್ಸಿಲ್ ಹುಡುಕುವ ನಾಟಕ. ತಪ್ಪು ಮಾಡಲು ಅಪ್ಪಣೆ ಸಿಕ್ಕಿದರೆ ಅವರ ಖುಷಿ ನೋಡಬೇಕು! ಮತ್ತೆ ಅವರಿಂದಲೇ ಸರಿಯಾಗಿ ಮಾಡಿಸಿ. ಹತ್ತು ನಿಮಿಷದ ಕೆಲಸ. ಇದರಲ್ಲಿ ಒಂದು ಒಳಗುಟ್ಟು ಇದೆ: ತಪ್ಪಿನ ಪಾತ್ರವನ್ನು ಯಾವತ್ತೂ ತರಲೆ ಮಗುವಿಗೆ ಕೊಡಬೇಡಿ, ಸರಿಯಾದ ಪಾತ್ರ ಕೊಡಿ. ಎಲ್ಲರೂ ಅವನನ್ನು ಅದರಲ್ಲಿ ಒಮ್ಮೆಯಾದರೂ ನೋಡಲಿ.

ಡಬ್ಬಿ

ಪಾರದರ್ಶಕ ಡಬ್ಬಿ, ಗೋಲಿ. ಕ್ಲಾಸು ಗುರಿ ಮುಟ್ಟಿದಾಗ ಡಬ್ಬಿಗೆ ಒಂದು ಗೋಲಿ, ಡಬ್ಬಿ ತುಂಬಿದರೆ ಇಡೀ ಕ್ಲಾಸಿಗೆ ಬಹುಮಾನ. ಗೋಲಿ ಇಲ್ಲದಿದ್ದರೆ ಗುಂಡಿ, ಕಲ್ಲು, ಬೀಜ, ಯಾವುದಾದರೂ ಆದೀತು. ಬೋರ್ಡಿನ ಮೂಲೆಯಲ್ಲಿ ಖಾಲಿ ವೃತ್ತ ಬರೆದು ಒಂದೊಂದಾಗಿ ತುಂಬಿದರೂ ನಡೆಯುತ್ತದೆ. ನನಗೆ ಗೋಲಿಯೇ ಇಷ್ಟ, ಏಕೆಂದರೆ ಬೀಳುವಾಗ ಸದ್ದು ಬರುತ್ತದೆ. ನಾನು ಬಾಯಿ ತೆರೆಯದೆ ಒಂದು ಗೋಲಿ ಹಾಕಿದರೆ ಸಾಕು, ಆ ಟಣ್ ಅನ್ನುವ ಸದ್ದಿಗೆ ಹಿಂದಿನ ಬೆಂಚಿನವರೂ ಬೆನ್ನು ನೆಟ್ಟಗೆ ಮಾಡುತ್ತಾರೆ.

ಡಬ್ಬಿಯ ಗಾತ್ರದಲ್ಲೇ ಹೆಚ್ಚಿನವರು ಸೋಲುವುದು. ದೊಡ್ಡ ಉಪ್ಪಿನಕಾಯಿ ಭರಣಿಯಂಥದ್ದು ತಂದಿಟ್ಟು ತುಂಬಿದರೆ ಬಹುಮಾನ ಅಂದರೆ ಅದು ಮಕ್ಕಳ ಮೂಗಿಗೆ ತುಪ್ಪ ಸವರಿದಂತೆ. ಮೊದಲ ಸಲ ಡಬ್ಬಿ ಒಂದು ವಾರದೊಳಗೆ ತುಂಬಲೇಬೇಕು. ತೀರಾ ಚಿಕ್ಕ ಮಕ್ಕಳಾದರೆ ಅದೇ ದಿನ. ಆರೇಳು ವರ್ಷದ ಮಗುವಿಗೆ ಮುಂದಿನ ಶುಕ್ರವಾರ ಅಂದರೆ ಮುಂದಿನ ಜನ್ಮ ಅಂದ ಹಾಗೆ. ದೊಡ್ಡ ಡಬ್ಬಿ ಮಾತ್ರ ಇದ್ದರೆ ಹೊರಗೆ ಟೇಪಿನಿಂದ ಒಂದು ಗೆರೆ ಅಂಟಿಸಿ, ಈ ವಾರ ಈ ಗೆರೆ, ಮುಟ್ಟಿದ ಮೇಲೆ ಸ್ವಲ್ಪ ಮೇಲೆ ಇನ್ನೊಂದು.

ಗೋಲಿ ಹಾಕುವಾಗ ಏನಕ್ಕೆ ಅಂತ ಒಂದು ವಾಕ್ಯ ಹೇಳಿ. "ಗುಡ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಬೋರ್ಡು ಒರೆಸುವಷ್ಟರಲ್ಲಿ ಎಲ್ಲರ ಪುಸ್ತಕವೂ ತೆರೆದಿತ್ತು, ಇದು ಅದಕ್ಕೆ" ಅಂದರೆ ತಿಳಿಯುತ್ತದೆ. ಮತ್ತೆ, ಆದ ತಕ್ಷಣ ಹಾಕಬೇಕು, ಸಂಜೆ ನೆನಪಿಸಿಕೊಂಡು ಐದು ಒಟ್ಟಿಗೆ ಸುರಿದರೆ ಅದಕ್ಕೂ ಬೆಳಗಿನ ಕೆಲಸಕ್ಕೂ ನಂಟು ಉಳಿಯುವುದಿಲ್ಲ.

ಗಲಾಟೆ ಜೋರಾಗಿದ್ದಾಗ "ಈಗ ಸುಮ್ಮನಾದರೆ ಎರಡು ಗೋಲಿ" ಅನ್ನಬೇಡಿ. ಸುಸ್ತಾದ ದಿನ ಬಾಯಿಗೆ ಬಂದೇ ಬಿಡುತ್ತದೆ, ನನಗೂ ಬಂದಿದೆ. ಆದರೆ ಅದು ಲಂಚ. ಗಲಾಟೆ ಮಾಡಿದರೆ ಗೋಲಿಯ ಮಾತು ಬರುತ್ತದೆ ಅಂತ ಮಕ್ಕಳು ಎರಡೇ ದಿನದಲ್ಲಿ ಕಲಿಯುತ್ತಾರೆ. ಲೆಕ್ಕದಲ್ಲಿ ಅವರು ನಮಗಿಂತ ಚುರುಕು.

ಇನ್ನು ಹಾಕಿದ ಗೋಲಿಯನ್ನು ವಾಪಸ್ ತೆಗೆಯಬೇಡಿ. ಎಂಥ ಗಲಾಟೆಯಾದರೂ ಸರಿ. ಬೆಳಿಗ್ಗೆ ಅವರು ದುಡಿದದ್ದು ಬೆಳಗಿನದ್ದು, ಮಧ್ಯಾಹ್ನ ಕೆಟ್ಟಿದ್ದಕ್ಕೆ ಅದು ಹೋಗಬಾರದು. ಒಮ್ಮೆ ತೆಗೆದರೆ ಡಬ್ಬಿ ನಿಮ್ಮ ಕೈಯ ಬೆತ್ತವಾಗುತ್ತದೆ. ಆಮೇಲೆ ಪ್ರತಿ ಸಲ ತೆಗೆಯುವ ಬೆದರಿಕೆ ಹಾಕುತ್ತೀರಿ, ಮಕ್ಕಳೂ ನಿಮ್ಮ ಮುಖವನ್ನೇ ನೋಡುತ್ತಾರೆ, ಅವರ ಕೆಲಸ ಅವರಿಗೆ ಮರೆತು ಹೋಗುತ್ತದೆ. 1969ರ ಆಟದಲ್ಲಿ ತಪ್ಪಿಗೆ ಗೀಟು ಎಳೆಯುತ್ತಿದ್ದರು, ಅದೂ ಕೆಲಸ ಮಾಡಿತ್ತು ನಿಜ. ಆದರೂ ದಿನವಿಡೀ ತಪ್ಪು ಹುಡುಕುವ ಟೀಚರ್ ಆಗಲು ನನಗಂತೂ ಮನಸ್ಸಿಲ್ಲ. ತಪ್ಪಾದಾಗ ಗೋಲಿ ಬೀಳುವುದಿಲ್ಲ, ಅಷ್ಟೇ ಶಿಕ್ಷೆ. ದೊಡ್ಡ ತಪ್ಪಿಗೆ, ಹೊಡೆದಾಟಕ್ಕೆ, ಶಾಲೆಯ ಬೇರೆ ನಿಯಮಗಳು ಇದ್ದೇ ಇರುತ್ತವೆ. ಅದನ್ನು ಡಬ್ಬಿಗೆ ತರಬೇಡಿ.

ಆ ಒಂದು ಮಗು

ಎಲ್ಲ ಕ್ಲಾಸಿನಲ್ಲೂ ಒಂದಿರುತ್ತದೆ, ಕೆಲವು ಕ್ಲಾಸಿನಲ್ಲಿ ಮೂರು. ಡಬ್ಬಿ ಇಡುವ ಮೊದಲು ಅವರ ಹೆಸರು ನಿಮ್ಮ ಮನಸ್ಸಿಗೆ ಬಂದಿರುತ್ತದೆ, ಅಲ್ವಾ? ಆ ಹೆಸರನ್ನು ಇಟ್ಟುಕೊಂಡೇ ನಿಯಮ ಮಾಡಿ. ಈ ಮಗು ಪೂರ್ತಿ ಸೋತರೂ ಕ್ಲಾಸು ಗೆಲ್ಲಬಹುದೇ ಅಂತ ಕೇಳಿಕೊಳ್ಳಿ. ಇಲ್ಲ ಅನ್ನುವುದಾದರೆ ನಿಯಮ ಬದಲಿಸಿ.

ಸುಲಭದ ದಾರಿ, ಎಲ್ಲರೂ ಅನ್ನುವುದನ್ನು ಬಿಟ್ಟು ಒಂದು ಸಂಖ್ಯೆ ಹೇಳುವುದು. 30 ಮಕ್ಕಳಲ್ಲಿ 24 ಜನ ಪುಸ್ತಕ ತೆರೆದಿದ್ದರೆ ಗೋಲಿ. ಉಳಿದ ಆರು ಜನ ಯಾರು ಅಂತ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ, ಇವತ್ತು ಆ ಆರರಲ್ಲಿ ಒಬ್ಬನಾದವನು ನಾಳೆ 24ರಲ್ಲಿ ಇರಬಹುದು. ಮೆಲ್ಲಗೆ ಅದನ್ನು 26, 27 ಅಂತ ಏರಿಸಬಹುದು. 30ಕ್ಕೆ ಒಯ್ಯಬೇಡಿ.

ಎರಡನೆಯದು ನನಗೆ ಬಹಳ ಇಷ್ಟವಾದದ್ದು, ಚೀಟಿ. ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬದಲ್ಲಿಟ್ಟು, ಬೆಳಿಗ್ಗೆ ಒಂದನ್ನು ಎತ್ತಿ ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಳ್ಳಿ. ಸಂಜೆಯವರೆಗೆ ಆ ಮಗುವನ್ನು ಗಮನಿಸಿ. ಗುರಿ ಮುಟ್ಟಿದ್ದರೆ ಹೆಸರು ಹೇಳಿ, ಇವತ್ತಿನ ಮೂರು ಗೋಲಿ ಇವಳಿಂದ ಬಂತು ಅಂತ ಕ್ಲಾಸೆಲ್ಲ ಚಪ್ಪಾಳೆ ಹೊಡೆಯಲಿ. ಮುಟ್ಟದಿದ್ದರೆ ಏನೂ ಹೇಳದೆ ಚೀಟಿ ಡಬ್ಬಕ್ಕೆ ವಾಪಸ್. "ಇವತ್ತಿನ ಚೀಟಿ ಗೆಲ್ಲಲಿಲ್ಲ, ನಾಳೆ ನೋಡೋಣ" ಅಷ್ಟೇ ಮಾತು. ಮಕ್ಕಳು "ಯಾರು ಮಿಸ್, ಹೇಳಿ ಮಿಸ್" ಅಂತ ಕಾಡುತ್ತಾರೆ. ಜಪ್ಪಯ್ಯ ಅಂದರೂ ಹೇಳಬೇಡಿ. ಇದು ಒಬ್ಬರ ಮೇಲೆ ಎಲ್ಲರ ಬಹುಮಾನ ನಿಲ್ಲುವ ಬಗೆಯೇ, ಆದರೆ ಗೆದ್ದಾಗ ಮಾತ್ರ ಹೆಸರಿದೆ, ಸೋತಾಗ ಹೆಸರೇ ಇಲ್ಲ. ಚೀಟಿ ತನ್ನದೇ ಇರಬಹುದು ಅನ್ನುವ ಗುಮಾನಿಯಲ್ಲೇ ಇಡೀ ದಿನ ಎಲ್ಲರೂ ನೆಟ್ಟಗಿರುತ್ತಾರೆ.

ಮೂರನೆಯದು, ಗುರಿ ಮುಟ್ಟಲು ನಿಜಕ್ಕೂ ಆಗದ ಮಗು. ಕಿವಿ ಸರಿಯಾಗಿ ಕೇಳದಿರಬಹುದು, ಗಮನ ನಿಲ್ಲದ ತೊಂದರೆ ಇರಬಹುದು, ಮನೆಯಲ್ಲಿ ಏನೋ ನಡೆಯುತ್ತಿರಬಹುದು. ಅವರಿಗೆ ಬೇರೆ ಗುರಿ ಕೊಡಿ, ಗುಟ್ಟಾಗಿ ಅವರ ಜೊತೆ ಮಾತಾಡಿ. ಹತ್ತು ನಿಮಿಷ ಕೂರಲಾಗದವನಿಗೆ ನಾಲ್ಕು ನಿಮಿಷ ಕೂರುವುದು ಗೆಲುವು, ಅದಕ್ಕೂ ಒಂದು ಗೋಲಿ ಬೀಳಲಿ. ಆಗ ಉಳಿದ ಮಕ್ಕಳ ಕಣ್ಣಿಗೆ ಅವನು ಗೋಲಿ ತರುವವನಾಗುತ್ತಾನೆ. ಅವನ ಬಗ್ಗೆ ಕ್ಲಾಸಿನ ಮಾತೇ ಬದಲಾಗುವುದನ್ನು ನಾನು ಕಂಡಿದ್ದೇನೆ.

ಬೇಕಂತಲೇ ಕೆಡಿಸುವವನು ಬೇರೆ. "ನನಗೆ ನಿಮ್ಮ ಗೋಲಿ ಬೇಡ" ಅನ್ನುವವನು. ಇಡೀ ಕ್ಲಾಸಿನ ಬಹುಮಾನ ತನ್ನ ಕೈಯಲ್ಲಿದೆ ಅನ್ನುವುದೇ ಅವನಿಗೆ ದೊಡ್ಡ ಬಹುಮಾನ. ಅವನನ್ನು ಆ ಲೆಕ್ಕದಿಂದ ಹೊರಗಿಡಿ, ಒಬ್ಬನದೇ ಒಂದು ತಂಡ ಮಾಡಿ, ಅವನಿಗೂ ಅದೇ ಗುರಿ, ಅದೇ ಬಹುಮಾನ. ಕೆಡಿಸಿದರೆ ಅವನದ್ದು ಮಾತ್ರ ಕೆಡುತ್ತದೆ. ಒಂದೆರಡು ವಾರದಲ್ಲಿ ವಾಪಸ್ ಸೇರಿಸಿಕೊಳ್ಳಿ ಅಂತ ಅವನೇ ಕೇಳಿದರೆ ಹೆಚ್ಚು ಮಾತಾಡದೆ ಸೇರಿಸಿಕೊಳ್ಳಿ.

ಮತ್ತೆ ನೀವು ಏನೇ ಮಾಡಿ, "ಇವನಿಂದಾಗಿ ಹೋಯಿತು" ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು, ಕಣ್ಣಿನಿಂದಲೂ ಬರಬಾರದು. ಮಕ್ಕಳು ಒಬ್ಬರನ್ನು ನೋಡಿ ಗೊಣಗುವುದು ಕಂಡರೆ, ಬಿಡುವಿನಲ್ಲಿ ಒಬ್ಬರೇ ಕೂತಿರುವುದು ಕಂಡರೆ, ಡಬ್ಬಿಯನ್ನು ಆ ದಿನವೇ ಮುಚ್ಚಿ ನಿಯಮ ಬದಲಿಸಿ. ನಾನು ಗುರುವಾರವೇ ಮಾಡಬೇಕಿತ್ತು.

ಬಹುಮಾನ ಏನಿರಲಿ

ತಿಂಡಿ ಬೇಡ. ಕೆಲವರಿಗೆ ಅಲರ್ಜಿ ಇರುತ್ತದೆ, ಖರ್ಚು ನಿಮ್ಮ ಜೇಬಿಂದ ಹೋಗುತ್ತದೆ, ಮುಂದಿನ ಸಲ ಇನ್ನೂ ದೊಡ್ಡದು ಕೇಳುತ್ತಾರೆ. ಬಿಡುವಿನಲ್ಲಿ ಮಕ್ಕಳು ತಾವಾಗಿಯೇ ಏನು ಮಾಡುತ್ತಾರೆ ಅಂತ ನೋಡಿ, ಅದೇ ಬಹುಮಾನ. ಜಾಸ್ತಿ ಇಷ್ಟಪಟ್ಟು ಮಾಡುವ ಕೆಲಸವನ್ನು ಕಡಿಮೆ ಇಷ್ಟದ ಕೆಲಸದ ಬೆನ್ನಿಗೆ ಕಟ್ಟಿದರೆ ಎರಡನೆಯದೂ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರಿಮ್ಯಾಕ್ ತೋರಿಸಿಕೊಟ್ಟಿದ್ದರು. ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ.

ಹತ್ತು ನಿಮಿಷ ಹೆಚ್ಚಿಗೆ ಆಟ, ಒಂದು ಪಿರಿಯಡ್ ಗೆಳೆಯರ ಪಕ್ಕ ಕೂರುವುದು, ಹೊರಗೆ ಕೂತು ಪಾಠ, ಬೋರ್ಡಿನ ಮೇಲೆ ಚಿತ್ರ ಬಿಡಿಸಲು ಬಿಡುವುದು, ಟೀಚರ್ ಮಕ್ಕಳ ಬೆಂಚಿನಲ್ಲಿ ಕೂತು ಒಂದು ಮಗು ಟೀಚರ್ ಕುರ್ಚಿಯಲ್ಲಿ ಕೂರುವುದು. ಕೊನೆಯದಕ್ಕೆ ನನ್ನ ಕ್ಲಾಸಿನಲ್ಲಿ ಬೇಡಿಕೆ ಎಷ್ಟೆಂದರೆ ಚೀಟಿ ಎತ್ತಬೇಕಾಯಿತು. ಏನು ಬೇಕು ಅಂತ ಮಕ್ಕಳನ್ನೇ ಕೇಳಿ ಪಟ್ಟಿ ಮಾಡಿ, ಮತ ಹಾಕಿಸಿ. ಮೂರನೇ ವಾರ ಉತ್ಸಾಹ ಇಳಿಯುತ್ತದೆ, ಇಳಿದೇ ಇಳಿಯುತ್ತದೆ, ಆಗ ಪಟ್ಟಿಯಿಂದ ಒಂದನ್ನು ಲಕೋಟೆಗೆ ಹಾಕಿ ಅಂಟಿಸಿ ಗೋಡೆಗೆ ತೂಗುಹಾಕಿ. ಒಳಗೇನಿದೆ ಅಂತ ಗೊತ್ತಿಲ್ಲದ ಬಹುಮಾನಕ್ಕೆ ಗೊತ್ತಿರುವುದಕ್ಕಿಂತ ಹೆಚ್ಚು ಒದ್ದಾಡುತ್ತಾರೆ.

ಈಗಾಗಲೇ ಮಕ್ಕಳದ್ದಾಗಿರುವ ಆಟದ ಪಿರಿಯಡನ್ನು ಕಿತ್ತುಕೊಂಡು ಅದನ್ನೇ ಬಹುಮಾನ ಅಂತ ಕೊಡಬೇಡಿ, ಮೋಸ ಅದು, ಅವರಿಗೆ ತಿಳಿಯುತ್ತದೆ. ಹೋಂವರ್ಕ್ ಮಾಫಿಯನ್ನೂ ಪದೇ ಪದೇ ಕೊಡಬೇಡಿ. ಓದುವುದೇ ಶಿಕ್ಷೆ, ತಪ್ಪಿಸಿಕೊಳ್ಳುವುದೇ ಹಬ್ಬ ಅಂತ ನೀವೇ ಹೇಳಿಕೊಟ್ಟ ಹಾಗಾಗುತ್ತದೆ. ಗೆದ್ದ ಬಹುಮಾನವನ್ನು ಅವತ್ತೇ ಕೊಡಿ. "ಸಿಲಬಸ್ ಮುಗಿದಿಲ್ಲ, ಮುಂದಿನ ವಾರ" ಅಂದಿರೋ, ಡಬ್ಬಿಯ ಬೆಲೆ ಅಲ್ಲಿಗೆ ಮುಗಿಯಿತು. ಗುರಿ ಮುಟ್ಟದಿದ್ದರೆ ಪಾಪ ಅಂತ ಕೊಡಲೂಬೇಡಿ.

ದೊಡ್ಡ ಕ್ಲಾಸಿನವರಿಗೆ ಗೋಲಿ ತಂದರೆ ನಗುತ್ತಾರೆ. ಬೋರ್ಡಿನ ಮೂಲೆಯಲ್ಲಿ ಸದ್ದಿಲ್ಲದೆ ಗೀಟು ಎಳೆಯಿರಿ, ವಾರಕ್ಕೆ ಇಷ್ಟಾದರೆ ಕೊನೆಯ 15 ನಿಮಿಷ ಅವರದ್ದು ಅಂತ ಮಾತಾಡಿಕೊಳ್ಳಿ. ಹದಿಹರೆಯದವರಿಗೆ ತಮ್ಮ ಹೊತ್ತು ತಮಗೆ ಸಿಗುವುದಕ್ಕಿಂತ ದೊಡ್ಡ ಬಹುಮಾನ ಬೇರೆ ಕಂಡಿಲ್ಲ.

ತಂಡ ಮಾಡುವುದಾದರೆ ಗಲಾಟೆಯವರನ್ನೂ ಸುಮ್ಮನಿರುವವರನ್ನೂ ಬೆರೆಸಿ, ತಂಡ ತಂಡವನ್ನು ಸೋಲಿಸುವುದು ಬೇಡ, ಸಂಖ್ಯೆಯನ್ನು ದಾಟಿದ ತಂಡಗಳೆಲ್ಲ ಗೆಲ್ಲಲಿ.

ನಿಲ್ಲಿಸುವುದು ಯಾವಾಗ

ಮಕ್ಕಳು ಹೇಗೂ ಇಷ್ಟಪಟ್ಟು ಮಾಡುತ್ತಿರುವುದಕ್ಕೆ ಬಹುಮಾನ ಇಡಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವಂಥ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ಮೇಲೆ ಬಿಡುವಿನಲ್ಲಿ ನೋಡಿದರೆ ಅವರು ಮೊದಲಿಗಿಂತ ಕಡಿಮೆ ಬಿಡಿಸುತ್ತಿದ್ದರು. ಮೊದಲೇ ಹೇಳದೆ ದಿಢೀರನೆ ಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆದ್ದರಿಂದ ಕತೆ ಓದುವುದಕ್ಕೆ, ಚಿತ್ರಕ್ಕೆ ಡಬ್ಬಿ ಬೇಡ. ಸಾಲು ನಿಲ್ಲುವುದು, ಬೆಲ್ ಆದ ಮೇಲೆ ಕೂರುವುದು, ಹೀಗೆ ಯಾರಿಗೂ ಪ್ರೀತಿ ಇಲ್ಲದ ಕೆಲಸಗಳಿಗೆ ಇರಲಿ.

ಗುರಿ ಸಲೀಸಾಗಿ ಮುಟ್ಟತೊಡಗಿದ ಮೇಲೆ ಗೋಲಿಯನ್ನು ಪ್ರತಿ ಸಲ ಹಾಕಬೇಡಿ, ಎರಡಕ್ಕೊಂದು, ಮೂರಕ್ಕೊಂದು, ಯಾವಾಗ ಬೀಳುತ್ತದೆ ಅಂತ ತಿಳಿಯದ ಹಾಗೆ. ಆಮೇಲೆ ದಿನವಿಡೀ ಬೇಡ, ಊಟದ ನಂತರದ ಆ ಒಂದು ಕಷ್ಟದ ಪಿರಿಯಡಿಗೆ ಮಾತ್ರ. ಗೋಲಿ ಕಡಿಮೆಯಾದರೂ ಒಳ್ಳೆಯ ಮಾತು ಕಡಿಮೆಯಾಗಬಾರದು. ಒಮ್ಮೆಗೇ ನಿಲ್ಲಿಸಿದರೆ ಕಾನ್ಸಸ್‌ನಲ್ಲಿ ಆದ ಹಾಗೆ ಗಲಾಟೆ ವಾಪಸ್ ಬರುತ್ತದೆ, ಆಗ ಗಾಬರಿಯಾಗದೆ ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರು ಮಾಡಿ.

ಕಳೆದ ಸಲ ನಾನು ನಾಲ್ಕು ದಿನ ಗೋಲಿ ಹಾಕುವುದನ್ನು ಮರೆತಿದ್ದೆ, ನಿಜವಾಗಿ ಮರೆತಿದ್ದೆ, ಐದನೇ ದಿನ ಡಬ್ಬಿ ನೋಡಿ ನಾಲಿಗೆ ಕಚ್ಚಿಕೊಂಡೆ. ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಬೆಲ್ ಆದ ಮೇಲೆ ಪುಸ್ತಕಗಳು ಮಾತ್ರ ಎಂದಿನಂತೆ ತೆರೆದುಕೊಂಡಿದ್ದವು. ಅವತ್ತೇ ಇದ್ದಷ್ಟು ಗೋಲಿಗೆ ಬಹುಮಾನ ಕೊಟ್ಟು ಡಬ್ಬಿಯನ್ನು ಕಪಾಟಿಗೆ ಸೇರಿಸಿದೆ.